ಸಾಲ ತೀರಿತು, ಮನೆಯ ಬಾಕಿ ಉಳಿಯಿತು: ಕೂಡಿಟ್ಟ ಹಣ ಮುಟ್ಟುವುದೋ ಬೇಡವೋ?

(ಓದುಗರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕೊನೆಯ ಕಂತು

ಹೋದ ತಿಂಗಳು ನಮ್ಮ ಕೊನೆಯ ಕಂತು ಕಟ್ಟಿದೆವು. ಮನೆ ಸಾಲ, ಆಸ್ಪತ್ರೆಗೆಂದು ಮಾಡಿದ ಕೈಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲ ಸೇರಿ 11 ವರ್ಷ ಹಿಡಿಯಿತು. ಈ ತಿಂಗಳು 5ನೇ ತಾರೀಕು ಬಂತು, ಹಣ ಕಡಿತವಾದ ಸಂದೇಶ ಬರಲಿಲ್ಲ. ಸಂಜೆಯೊಳಗೆ ಮೂರು ಸಲ ಮೊಬೈಲ್ ತೆಗೆದು ನೋಡಿದೆ.

ಈಗಿರುವ ಪ್ರಶ್ನೆ ಬೇರೆ. ಸಾಲ ತೀರಿಸುವ ಭರದಲ್ಲಿ ಮನೆಯ ಕಡೆ ತಿರುಗಿ ನೋಡಿರಲಿಲ್ಲ. ಮಲಗುವ ಕೋಣೆಯ ಛಾವಣಿಯ ಮೂಲೆಯಲ್ಲಿ ಕಂದು ಬಣ್ಣದ ಕಲೆ ಇದೆ. ಹೋದ ವರ್ಷ ಅಂಗೈಯಗಲ ಇದ್ದದ್ದು ಈಗ ಮೊರದಗಲ ಆಗಿದೆ. ಬಚ್ಚಲುಮನೆಯ ಆಚೆ ಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ ಹೊಪ್ಪಳೆಯಾಗಿ ಉದುರುತ್ತಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಎದ್ದಿದೆ. ನಡುಮನೆಯ ಸ್ವಿಚ್ಚೊಂದನ್ನು ಒತ್ತಿದರೆ ಚಿಟಿಚಿಟಿ ಸದ್ದು ಬರುತ್ತದೆ.

ಕೈಯಲ್ಲಿರುವ ಉಳಿತಾಯ 4 ತಿಂಗಳ ಮನೆಖರ್ಚಿಗೆ ಸಾಲುತ್ತದೆ. ಗುತ್ತಿಗೆದಾರರೊಬ್ಬರು ಬಂದು ನೋಡಿ, ತಾರಸಿಯ ನೆಲವನ್ನೆಲ್ಲ ಕಿತ್ತು ಹೊಸದಾಗಿ ಮಾಡಬೇಕು ಎಂದರು. ಅವರು ಹೇಳಿದ ಮೊತ್ತ ನಮ್ಮ 5 ತಿಂಗಳ ಖರ್ಚಿಗೆ ಸಮ. ನಮ್ಮ ಯಜಮಾನರು "ಈಗಲಾದರೂ ಮಾಡಿ ಮುಗಿಸೋಣ, ಕಡಿಮೆ ಬಿದ್ದದ್ದಕ್ಕೆ ಸಣ್ಣದೊಂದು ಸಾಲ ತೆಗೆದರಾಯಿತು" ಎನ್ನುತ್ತಾರೆ. ಸಾಲ ಎಂಬ ಮಾತು ಕೇಳಿದರೆ ನನಗೆ ಎದೆ ಹಿಡಿದಂತಾಗುತ್ತದೆ. ಹಾಗೆಂದು ರಾತ್ರಿ ಮಲಗಿದರೆ ಕಣ್ಣು ನೇರವಾಗಿ ಆ ಕಲೆಯ ಮೇಲೆಯೇ ಹೋಗುತ್ತದೆ. ಇದನ್ನು ದಾಟಿದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಜಮಾ ಖರ್ಚು

ಮೇಡಂ, ಮೊದಲು ಅಭಿನಂದನೆ. 11 ವರ್ಷ ಒಂದೇ ಗುರಿ ಹಿಡಿದು ನಡೆಯುವುದು ಸಣ್ಣ ಮಾತಲ್ಲ.

ರಿಪೇರಿಯ ಮಾತಿಗೆ ಮುಂಚೆ ಕಾಗದಪತ್ರ ಮುಗಿಸಿಕೊಳ್ಳಿ. ಕೊನೆಯ ಕಂತು ಹೋದ ಮಾತ್ರಕ್ಕೆ ಸಾಲದ ಖಾತೆ ತಾನಾಗಿ ಮುಚ್ಚಿರುತ್ತದೆ ಎಂದು ತಿಳಿಯಬೇಡಿ. ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಳ್ಳಿ, ಅಡವಿಟ್ಟ ಮೂಲ ಪತ್ರಗಳನ್ನು ಒಂದೊಂದಾಗಿ ಎಣಿಸಿ ತೆಗೆದುಕೊಳ್ಳಿ, ಆಸ್ತಿಯ ದಾಖಲೆಯಲ್ಲಿ ಅಡಮಾನದ ನಮೂದು ಇದ್ದರೆ ಅದನ್ನು ತೆಗೆಸಿ. ಕಂತಿಗೆಂದು ಖಾತೆಯಿಂದ ಹಣ ಎಳೆಯಲು ಕೊಟ್ಟಿದ್ದ ಒಪ್ಪಿಗೆಯನ್ನೂ ರದ್ದು ಮಾಡಿಸಿ.

ಇನ್ನು ಹಣದ ವಿಷಯ. ಕಂತು ನಿಂತಿತು ಎಂದು ಕಂತು ಕಟ್ಟುವುದನ್ನು ನಿಲ್ಲಿಸಬೇಡಿ. ಅದೇ 5ನೇ ತಾರೀಕು ಅದೇ ಮೊತ್ತ ನಿಮ್ಮದೇ ಬೇರೊಂದು ಖಾತೆಗೆ ಹೋಗಲಿ. ಆ ಹಣವಿಲ್ಲದೆ ಬದುಕುವುದನ್ನು ನೀವು ಈಗಾಗಲೇ ಕಲಿತಿದ್ದೀರಿ. ಮೂರು ತಿಂಗಳು ಅದನ್ನು ಸಂಬಳದ ಜೊತೆ ಬೆರೆಯಲು ಬಿಟ್ಟರೆ ಅದಕ್ಕೆ ತಕ್ಕ ಖರ್ಚು ಹುಟ್ಟಿಕೊಳ್ಳುತ್ತದೆ, ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ.

ಖಾತೆ ಎರಡಿರಲಿ. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಎಂಬುದಕ್ಕೆ ತುರ್ತು ನಿಧಿ ಒಂದು. 3ರಿಂದ 6 ತಿಂಗಳ ಖರ್ಚಿನಷ್ಟು ಇರಲಿ ಎಂಬುದು ಎಲ್ಲ ಕಡೆಯೂ ಹೇಳುವ ಅಳತೆ. ದುಡಿಯುವವರು ಒಬ್ಬರೇ ಆಗಿದ್ದರೆ ಅಥವಾ ವರಮಾನ ಏರುಪೇರಾಗುತ್ತಿದ್ದರೆ 6ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಎರಡನೆಯದು ಮನೆಯ ನಿಧಿ. ಛಾವಣಿ ಸೋರುವುದು, ಪಂಪು ಕೆಡುವುದು, ನೀರು ಕಾಯಿಸುವ ಯಂತ್ರ ಕೈಕೊಡುವುದು ಇವು ತುರ್ತು ನಿಧಿಯ ಬಾಬ್ತು ಅಲ್ಲವೇ ಅಲ್ಲ. ಎಂದು ಎಂಬುದು ಗೊತ್ತಿರುವುದಿಲ್ಲ, ಬರುತ್ತದೆ ಎಂಬುದು ಗೊತ್ತೇ ಇರುತ್ತದೆ. ಪಂಪು ಇನ್ನು 5 ವರ್ಷ ಬರಬಹುದು ಎಂದಿದ್ದರೆ ಹೊಸ ಪಂಪಿನ ಬೆಲೆಯನ್ನು 60ರಿಂದ ಭಾಗಿಸಿ ತಿಂಗಳಿಗೆ ಅಷ್ಟು ತೆಗೆದಿಡಬೇಕು. ಹೀಗೆ ಒಂದೊಂದಕ್ಕೂ ಲೆಕ್ಕ ಹಾಕಿ ಕೂಡಿಸಿದರೆ ನಿಮ್ಮ ಮನೆಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಮನೆಯ ಬೆಲೆಯಲ್ಲಿ ವರ್ಷಕ್ಕೆ ಶೇಕಡಾ 1 ತೆಗೆದಿಡಿ ಎಂಬ ಸೂತ್ರವೂ ಚಾಲ್ತಿಯಲ್ಲಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಬೆಲೆಯಲ್ಲಿ ನೆಲದ ಪಾಲೂ ಸೇರಿರುತ್ತದೆ, ನೆಲ ಸೋರುವುದಿಲ್ಲ. ಹಳೆಯ ಕಟ್ಟಡಕ್ಕೆ ಶೇಕಡಾ 1 ಸಾಲದೆಯೂ ಹೋಗಬಹುದು.

ನಿಧಾನವಾಗಿ ಬೆಳೆಯಲಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. 11 ವರ್ಷ ನಿಮ್ಮ ದುಡಿಮೆ ಬಡ್ಡಿಗೆ ಹೋಯಿತು. ಚಕ್ರಬಡ್ಡಿ ನಿಮ್ಮ ಪರವಾಗಿ ತಿರುಗುವುದು ಈಗ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷ ಸುಮಾರಾಗಿ ಸಿಗುತ್ತದೆ: ಶೇಕಡಾ 6 ಆದರೆ 12 ವರ್ಷ, ಶೇಕಡಾ 8 ಆದರೆ 9 ವರ್ಷ. ಈಗ ಇಡುವ ಹಣಕ್ಕೆ ನಿವೃತ್ತಿಯ ಹೊತ್ತಿಗೆ ಎರಡು ಮೂರು ಸಲ ಇಮ್ಮಡಿಯಾಗುವ ಅವಕಾಶವಿದೆ, ಐದು ವರ್ಷ ತಡ ಮಾಡಿದರೆ ಅದರಲ್ಲೊಂದು ಕೈತಪ್ಪಬಹುದು. ಗೋಡೆಯ ಬಣ್ಣ ಕಾಯುತ್ತದೆ, ಬಿರುಕೂ ಕಾಯುತ್ತದೆ. ವಯಸ್ಸು ಕಾಯುವುದಿಲ್ಲ.

ಗಾರೆ ಕೆಲಸ

ಬಣ್ಣ ಕಾಯುತ್ತದೆ, ಒಪ್ಪುತ್ತೇನೆ. ನೀರು ಕಾಯುವುದಿಲ್ಲ ಸರ್. ಕಟ್ಟಡದ ಕೆಲಸದಲ್ಲಿ 30 ವರ್ಷ ಕಳೆದಿದ್ದೇನೆ. ಚಕ್ರಬಡ್ಡಿ ಬ್ಯಾಂಕಿನಲ್ಲಿ ಮಾತ್ರ ಬೆಳೆಯುತ್ತದೆ ಎಂದುಕೊಳ್ಳಬೇಡಿ. ಕಾಂಕ್ರೀಟಿನೊಳಗಿನ ಸರಳಿಗೆ ನೀರು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅದು ಒಳಗಿನಿಂದ ದೂಡಿದಾಗ ಕಾಂಕ್ರೀಟು ಸೀಳುತ್ತದೆ, ಸೀಳಿನಿಂದ ಇನ್ನಷ್ಟು ನೀರು ಇಳಿಯುತ್ತದೆ, ತುಕ್ಕು ಇನ್ನಷ್ಟು ಬೆಳೆಯುತ್ತದೆ. ಹನಿ ಹನಿಗೂಡಿ ಹಳ್ಳ ಎಂಬ ಮಾತು ಉಳಿತಾಯಕ್ಕೆ ಎಷ್ಟು ನಿಜವೋ ಸೋರಿಕೆಗೂ ಅಷ್ಟೇ ನಿಜ. ಸಾಲ ತೀರಿಸುವಾಗ ತಡೆಹಿಡಿದ ರಿಪೇರಿಗಳೆಲ್ಲ ಮನೆಯಿಂದ ತಂದ ಸಾಲವೇ. ಅದಕ್ಕೆ ಪತ್ರವಿಲ್ಲ, ಬಡ್ಡಿಯಂತೂ ಇದೆ.

ಆದರೆ ತಂಗಿ, ಆ ಗುತ್ತಿಗೆದಾರರ ಮಾತಿಗೆ ಈಗಲೇ ಹೂಂ ಅನ್ನಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಅವರು ಹುಡುಕಿದರೇ? ಕಲೆ ಕಂಡ ಜಾಗವೇ ಸೋರುವ ಜಾಗ ಆಗಿರಬೇಕಾಗಿಲ್ಲ. ನೀರು ಛಾವಣಿಯೊಳಗೆ ಮಾರುಗಟ್ಟಲೆ ಹರಿದು ಬೇರೆಲ್ಲೋ ತಲೆ ಹಾಕುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಒಣ ದಿನಗಳಲ್ಲಿ ಗೆರೆ ದಾಟಿದರೆ ತಪ್ಪು ಕೊಳವೆಯದು ಅಥವಾ ನೀರಿನ ತೊಟ್ಟಿಯದು. ಮಳೆಯಾದ ಮೇಲೆ ಮಾತ್ರ ದಾಟಿದರೆ ಹೊರಗಿನ ನೀರು. ಬಚ್ಚಲಿನ ಆಚೆ ಗೋಡೆಗೆ ಮೊಳದಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಬೆವರಿದರೆ ಕೋಣೆಯ ಗಾಳಿಯ ತೇವ, ಗಾಳಿ ಬೆಳಕು ಆಡಲು ಬಿಟ್ಟರೆ ಸಾಕು. ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗೇ ಇದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದುಕೊಂಡು ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದ್ದರೆ ಎಲ್ಲೋ ನೀರು ಸೋರುತ್ತಿದೆ. ಬಿರುಕಿಗೂ ಎರಡು ತುದಿಗೆ ಗುರುತು ಹಾಕಿ ತಾರೀಕು ಬರೆಯಿರಿ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಏಳುವ ಕೂದಲೆಳೆಯ ಬಿರುಕು ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಬೆಳೆಯುತ್ತಿದ್ದರೆ ಅಥವಾ ಬೆರಳಿನ ಉಗುರು ಹೋಗುವಷ್ಟು ಬಾಯಿ ಬಿಟ್ಟರೆ ಕಟ್ಟಡದ ಇಂಜಿನಿಯರನ್ನು ಕರೆಸಿ. ಮೇಸ್ತ್ರಿಯ ಕೈಯಲ್ಲಿ ಗಾರೆ ಮೆತ್ತಿಸಿ ಸುಮ್ಮನಾಗಬೇಡಿ.

ತಂತಿ ಕೆಲಸದವನು

ಎಲ್ಲರೂ ಛಾವಣಿ ನೋಡುತ್ತಿದ್ದೀರಿ. ನಾನು ಆ ಸ್ವಿಚ್ಚಿಗೆ ಬರುತ್ತೇನೆ. ಮೇಡಂ, ಅದನ್ನು ಇಂದೇ ಬಳಸುವುದು ನಿಲ್ಲಿಸಿ. ಯಾವ ನಿಧಿ, ಯಾವ ಖಾತೆ ಎಂದು ಯೋಚಿಸುತ್ತ ಕೂರಬೇಡಿ. ಚಿಟಿಚಿಟಿ ಎಂದರೆ ಒಳಗೆ ತಂತಿ ಸಡಿಲಾಗಿದೆ ಅಥವಾ ಸಂಪರ್ಕದ ತುದಿ ಸವೆದಿದೆ. ಆ ಸಂದಿನಲ್ಲಿ ಕಿಡಿ ಹಾರುತ್ತದೆ, ಬಿಸಿ ಏರುತ್ತದೆ. ಪ್ಲಾಸ್ಟಿಕ್ ಕಂದಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ ನೋಡಿ. ಬಂದರೆ ಆ ಸಾಲಿನ ಕರೆಂಟನ್ನೇ ಮುಖ್ಯ ಹಲಗೆಯಲ್ಲಿ ತೆಗೆದುಬಿಡಿ.

ಬಂದ ಕೆಲಸದವರಿಗೆ ಅರ್ತಿಂಗ್ ಅಳೆಯಲು ಹೇಳಿ. 30 ಮಿಲಿಆಂಪಿಯರ್ ಕರೆಂಟು ಸೋರಿದರೆ ತಾನಾಗಿ ಕಡಿತಗೊಳ್ಳುವ ರಕ್ಷಕ ಸ್ವಿಚ್ ನಿಮ್ಮ ಮುಖ್ಯ ಹಲಗೆಯಲ್ಲಿ ಇದೆಯೇ ಕೇಳಿ. ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಇದ್ದರೆ ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿ, ಟಪ್ ಎಂದು ಬೀಳಬೇಕು. ಒದ್ದೆ ಗೋಡೆಯೊಳಗೆ ತಂತಿ ಹಾದು ಹೋಗಿದ್ದರೆ ಈ ಮಾತು ಇನ್ನೂ ಮುಖ್ಯ.

ಎರಡನೇ ಸಲ

ನಾನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾವೂ ಹೀಗೆಯೇ ಸಾಲ ತೀರಿಸಿದೆವು, 18 ತಿಂಗಳಲ್ಲಿ ಮತ್ತೆ ಸಾಲಗಾರರಾದೆವು. ಕಾಯಿಲೆಯಿಂದಲ್ಲ, ಕೆಲಸ ಹೋದದ್ದರಿಂದಲೂ ಅಲ್ಲ. ರಿಪೇರಿಯಿಂದ.

ಶುರುವಾದದ್ದು ಬಚ್ಚಲಿನ ಒಂದು ಒಡೆದ ಕೊಳವೆಯಿಂದ. ಗೋಡೆ ಒಡೆದರು. ಹೇಗೂ ಗೋಡೆ ಒಡೆದಿದೆ, ಟೈಲ್ಸ್ ಬದಲಿಸೋಣ ಎಂದೆವು. ಹೇಗೂ ಟೈಲ್ಸ್ ಕೆಲಸದವರು ಬಂದಿದ್ದಾರೆ, ಅಡುಗೆಮನೆಯ ಕಟ್ಟೆಯನ್ನೂ ಮಾಡಿಸೋಣ. ಹೇಗೂ ಇಷ್ಟು ಆಗಿದೆ, ಬಣ್ಣ ಹೊಡೆಸದಿದ್ದರೆ ಎದ್ದು ಕಾಣುತ್ತದೆ. ಪ್ರತಿಯೊಂದು "ಹೇಗೂ" ಆಡಿದಾಗಲೂ ಸರಿಯಾದ ಮಾತೇ ಎನಿಸಿತ್ತು. ಮೇಸ್ತ್ರಿ ನಮ್ಮನ್ನು ಮೋಸ ಮಾಡಲಿಲ್ಲ, ಯಾರೂ ಮಾಡಲಿಲ್ಲ. 11 ವರ್ಷ ಅಲ್ಲದಿದ್ದರೂ 7 ವರ್ಷ ಬೇಡ ಬೇಡ ಎಂದು ತಡೆದ ಮನಸ್ಸು ಒಂದು ಸಲ ಹೂಂ ಎಂದ ಮೇಲೆ ನಿಲ್ಲಲೇ ಇಲ್ಲ. ಕೊನೆಗೆ ತುರ್ತು ನಿಧಿ ಖಾಲಿಯಾದ ತಿಂಗಳೇ ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೈಯಲ್ಲಿದ್ದದ್ದು ಹೊಸ ಟೈಲ್ಸು, ಕ್ರೆಡಿಟ್ ಕಾರ್ಡು.

ಆದ್ದರಿಂದ ಅಕ್ಕ, ಕೆಲಸ ಶುರುವಾಗುವ ಮುನ್ನ ಏನು ಮಾಡಿಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಗೋಡೆಗೆ ಅಂಟಿಸಿ. ಅದರಲ್ಲಿ ಇಲ್ಲದ್ದು ನೆನಪಾದರೆ ಇನ್ನೊಂದು ಹಾಳೆಯಲ್ಲಿ ಬರೆದಿಡಿ, ಕೆಲಸ ಮುಗಿದು ಒಂದು ತಿಂಗಳಾದ ಮೇಲೆ ಅದನ್ನು ತೆಗೆದು ಓದಿ. ಅರ್ಧದಷ್ಟು ಬೇಡವೆನಿಸುತ್ತದೆ. ಹಳೆಯ ಗೋಡೆ ಒಡೆದಾಗ ಒಳಗೆ ಏನು ಕಾಣುತ್ತದೋ ಹೇಳಲಾಗದು, ಅದಕ್ಕೆಂದು ಹೇಳಿದ ಮೊತ್ತದ ಮೇಲೆ ನೂರಕ್ಕೆ 15, 20 ಹೆಚ್ಚು ಇಟ್ಟುಕೊಂಡೇ ಹೊರಡಿ. ಆ ಹೆಚ್ಚು ಹಣ ಚಂದಕ್ಕಲ್ಲ ಎಂಬುದು ನೆನಪಿರಲಿ.

ಜಮಾ ಖರ್ಚು

ಇದನ್ನು ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಅತ್ತೆಯವರು ಈಗ ಹೇಗಿದ್ದಾರೆ?

ಎರಡನೇ ಸಲ

ಕೋಲು ಹಿಡಿದು ನಡೆದಾಡುತ್ತಿದ್ದಾರೆ ಸರ್. ಸಾಲದಲ್ಲಿ ಇನ್ನು 9 ಕಂತು ಬಾಕಿ.

ಸಣ್ಣ ವರಮಾನ

ನೀವೆಲ್ಲ 4 ತಿಂಗಳು, 6 ತಿಂಗಳು ಎನ್ನುತ್ತೀರಿ. ನಮ್ಮದೂ ಸಾಲ ತೀರಿದೆ, ಆದರೆ ಉಳಿತಾಯ 20 ದಿನದ ಖರ್ಚಿಗೂ ಸಾಲದು. ಮಗನ ಓದು ಬೇರೆ ಇದೆ. ನಮ್ಮಂಥವರು ಛಾವಣಿ ನೋಡುವುದೋ, ನಿಧಿ ಕಟ್ಟುವುದೋ?

ಗಾರೆ ಕೆಲಸ

ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಹಣ ಬೇಡದ ಕೆಲಸ ಬಹಳ ಇವೆ. ಮಳೆಗೆ ಮುಂಚೆ ತಾರಸಿಯ ನೀರು ಹೋಗುವ ಬಾಯಿಯಿಂದ ಎಲೆ, ಮಣ್ಣು ತೆಗೆಯಿರಿ. ಮಳೆ ಬಂದಾಗ ಒಮ್ಮೆ ಮೇಲೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಗೋಡೆಗೆ ತಾಗಿದಂತೆ ಮಣ್ಣೋ ಮರಳೋ ರಾಶಿ ಹಾಕಿದ್ದರೆ ಸರಿಸಿ, ಅದರಿಂದ ನೆಲದ ತೇವ ಗೋಡೆಗೆ ಏರುತ್ತದೆ. ಬಿರುಕಿನಲ್ಲಿ ಗಿಡ ಮೊಳೆತಿದ್ದರೆ ಎಳೆಯದಾಗಿರುವಾಗಲೇ ಕೀಳಿ. ಬೇರು ದಪ್ಪಗಾದರೆ ಗೋಡೆಯನ್ನೇ ಸೀಳುತ್ತದೆ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರು ಹಾಕಿ. ಇಷ್ಟು ಮಾಡಿದರೆ ದೊಡ್ಡ ಕೆಲಸ ಎಷ್ಟೋ ವರ್ಷ ಮುಂದೆ ಹೋಗುತ್ತದೆ.

ಜಮಾ ಖರ್ಚು

ಹಣದ ಮಟ್ಟಿಗೆ ನನ್ನ ಸಲಹೆ: ಮೊದಲು ಒಂದು ತಿಂಗಳ ಖರ್ಚು ಕೂಡುವವರೆಗೆ ಬೇರೇನೂ ಬೇಡ. ಅದು ಕೂಡಿದ ಮೇಲೆ ತೆಗೆದಿಟ್ಟದ್ದರಲ್ಲಿ ಅರ್ಧ ನಿಧಿಗೆ, ಅರ್ಧ ಮನೆಗೆ. ಕರೆಂಟು ಮತ್ತು ನೀರು ಈ ನಿಯಮಕ್ಕೆ ಹೊರತು, ಅವನ್ನು ಯಾವಾಗ ಬಂದರೂ ಮೊದಲೇ ನೋಡಬೇಕು.

ಕೊನೆಯ ಕಂತು

ಎಲ್ಲರಿಗೂ ವಂದನೆ. ಮೂರು ವಾರ ನೀವು ಹೇಳಿದ್ದನ್ನೇ ಮಾಡುತ್ತಿದ್ದೆ.

ಸ್ವಿಚ್ಚು ಮರುದಿನವೇ ಬದಲಾಯಿತು. ಬಿಚ್ಚಿದಾಗ ಒಳಬದಿ ಕಪ್ಪಾಗಿ ಕರಗಿತ್ತು. ಅದನ್ನು ನೋಡಿ ನನಗೆ ಕೈ ತಣ್ಣಗಾಯಿತು, ಆ ಸ್ವಿಚ್ಚನ್ನು ದಿನಾ ಒತ್ತುತ್ತಿದ್ದವಳು ನನ್ನ ಮಗಳು. ರಕ್ಷಕ ಸ್ವಿಚ್ ನಮ್ಮಲ್ಲಿ ಇರಲೇ ಇಲ್ಲ. ಹಾಕಿಸಿದ್ದೇವೆ.

ಕಲೆಯ ಸುತ್ತ ಗೆರೆ ಎಳೆದೆ. 10 ದಿನ ಒಣ ಹವೆ, ಗೆರೆ ಇದ್ದಲ್ಲೇ ಇತ್ತು. ಆಮೇಲೆ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಕುರ್ಚಿ ಹತ್ತಿ ನೋಡಿದರೆ ತೇವ ಗೆರೆಯಿಂದ ಎರಡು ಬೆರಳು ಹೊರಗೆ ಬಂದಿತ್ತು, ಅದೂ ಒಂದೇ ದಿಕ್ಕಿಗೆ, ಹೊರಗೋಡೆಯ ಕಡೆಗೆ. ಮೇಲೆ ಹೋಗಿ ಅಳೆದೆವು. ಸರಿಯಾಗಿ ಅದರ ತಲೆಯ ಮೇಲೆ ಮಳೆನೀರಿನ ಕೊಳವೆಯ ಬಾಯಿ ಇದೆ. ಕೈಯಿಟ್ಟು ಕೊಳೆತ ಎಲೆ ತೆಗೆದರೆ ಅದರಡಿ ಕೊಳವೆಗೂ ಗಾರೆಗೂ ನಡುವೆ ಸುತ್ತಲೂ ಸೀಳು. ಕಡ್ಡಿ ಇಟ್ಟರೆ ಅರ್ಧ ಗೇಣು ಇಳಿಯಿತು.

ಇಷ್ಟಕ್ಕೆ ಇಡೀ ತಾರಸಿ ಕೀಳಬೇಕೇ?

ಗಾರೆ ಕೆಲಸ

ಬೇಡ ತಂಗಿ. ಬೇರೆ ಕಡೆ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಸಾಕು. ಆ ಬಾಯನ್ನು ಮುಚ್ಚಿ ತಾರಸಿಯ ತುಂಬ ನೀರು ನಿಲ್ಲಿಸಿ ನೋಡೋಣ ಎಂದು ಯಾರಾದರೂ ಹೇಳಬಹುದು. ಹಳೆಯ ಛಾವಣಿಯ ಮೇಲೆ ಆಳವಾಗಿ ನಿಲ್ಲಿಸಲು ಬಿಡಬೇಡಿ. ಒಂದು ಚದರ ಮೀಟರಿನಲ್ಲಿ 1 ಸೆಂಟಿಮೀಟರ್ ನೀರು ನಿಂತರೆ 10 ಕಿಲೋ ಭಾರ, 5 ಸೆಂಟಿಮೀಟರಿಗೆ 50 ಕಿಲೋ. ಅನುಮಾನವಿರುವ ಕಡೆ ಸುತ್ತ ಸಣ್ಣ ಕಟ್ಟೆ ಕಟ್ಟಿ 24 ಗಂಟೆ ನಿಲ್ಲಿಸಿ ನೋಡಿದರೆ ಸಾಕು.

ಕೆಳಗಿನಿಂದ ಇನ್ನೊಂದು ಕೆಲಸ ಇದೆ. ಸುತ್ತಿಗೆಯ ಹಿಡಿಯಿಂದ ಕಲೆಯ ಜಾಗವನ್ನು ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಒಳ್ಳೆಯದು. ಡೊಳ್ಳು ಸದ್ದು ಬಂದರೆ ಪ್ಲಾಸ್ಟರೋ ಕಾಂಕ್ರೀಟೋ ಬಿಟ್ಟುಕೊಂಡಿದೆ, ಅದರಡಿ ಮಲಗಬೇಡಿ, ಇಂಜಿನಿಯರ್ ಬಂದು ಸರಳು ನೋಡಬೇಕು.

ಬಾಯಿಯ ಸುತ್ತ ಒಂದು ಮೊಳ ಗಾರೆ ಕಿತ್ತು, ಸಂದು ತುಂಬಿ, ಜಲನಿರೋಧಕ ಲೇಪನ ಕೊಳವೆಯ ಒಳಗಿನವರೆಗೂ ಇಳಿಯುವಂತೆ ಹಚ್ಚಿಸಿ. ಮೇಲಿನ ಗಾರೆಗೆ ಮೀಟರಿಗೆ 1 ಸೆಂಟಿಮೀಟರಾದರೂ ಇಳಿಜಾರು ಇರಲಿ, ಕಡಿಮೆಯೆಂದರೆ 7 ದಿನ ಒದ್ದೆಯಾಗಿಟ್ಟು ಹದ ಮಾಡಿ. ಹದ ಮಾಡದ ಗಾರೆ ಮೊದಲ ಬಿಸಿಲಿಗೇ ಬಿರಿಯುತ್ತದೆ. ಕೂಲಿಯಲ್ಲಿ ನೂರಕ್ಕೆ 10 ಒಂದು ದೊಡ್ಡ ಮಳೆ ಕಳೆದ ಮೇಲೆ ಕೊಡುತ್ತೇವೆ ಎಂದು ಮೊದಲೇ ಮಾತಾಡಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಿಸುವುದಿಲ್ಲ. ಮತ್ತೆ ಒಳಗಿನ ಕಲೆಗೆ ಈಗಲೇ ಬಣ್ಣ ಹೊಡೆಸಬೇಡಿ. ಒಳಗೆ ತೇವ ಇದ್ದರೆ ಬಣ್ಣ ಗುಳ್ಳೆ ಏಳುತ್ತದೆ, ಸೋರಿಕೆ ನಿಂತಿದೆಯೋ ಇಲ್ಲವೋ ಎಂಬ ಗುರುತೂ ಮುಚ್ಚಿಹೋಗುತ್ತದೆ.

ನಿಧಾನವಾಗಿ ಬೆಳೆಯಲಿ

ನೀರು ಕಾಯುವುದಿಲ್ಲ ಎಂಬುದನ್ನು ಒಪ್ಪಿದೆ. ನನ್ನ ಮಾತು ಪೂರ್ತಿ ಬಿಟ್ಟುಕೊಡುವುದಿಲ್ಲ. ಮನೆಯ ನಿಧಿ, ತುರ್ತು ನಿಧಿ ಎರಡೂ ತುಂಬಿದ ಮೇಲೆ ನೋಡೋಣ ಎಂದರೆ ನಿವೃತ್ತಿಯ ಪಾಲು ಯಾವತ್ತೂ ಶುರುವಾಗುವುದಿಲ್ಲ, ಮನೆ ಏನಾದರೂ ಕೇಳುತ್ತಲೇ ಇರುತ್ತದೆ. ಹಳೆಯ ಕಂತಿನಲ್ಲಿ ಐದರಲ್ಲೊಂದು ಪಾಲಾದರೂ ಮೊದಲ ತಿಂಗಳಿಂದಲೇ ದೀರ್ಘಕಾಲಕ್ಕೆ ಹೋಗಲಿ. ಐದು, ಆರು ವರ್ಷದೊಳಗೆ ಬೇಕಾಗುವ ಹಣವನ್ನು ಮಾತ್ರ ಏರಿಳಿತದ ಹೂಡಿಕೆಯಲ್ಲಿ ಇಡಬೇಡಿ. ರಿಪೇರಿಯ ಹಣ ಠೇವಣಿಯಲ್ಲಿರಲಿ, ಬೇಕೆಂದಾಗ ಕೈಗೆ ಸಿಗಬೇಕು.

ಎರಡನೇ ಸಲ

ಅಕ್ಕ, ಯಜಮಾನರು ಏನೆಂದರು?

ಕೊನೆಯ ಕಂತು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ತಾರಸಿ ಕೆಲಸ ಮುಗಿಯಿತು. ತಟ್ಟಿದಾಗ ಗಟ್ಟಿ ಸದ್ದೇ ಬಂತು, ಇಂಜಿನಿಯರರೂ ನೋಡಿ ಸರಳಿಗೆ ಅಪಾಯವಿಲ್ಲ ಎಂದರು. ಅವರ ಶುಲ್ಕವೂ ಸೇರಿ ಆದ ಖರ್ಚು ನಮ್ಮ 12 ದಿನದ ಮನೆಖರ್ಚಿನಷ್ಟು. ಸಾಲ ಬೇಕಾಗಲಿಲ್ಲ. ಯಜಮಾನರು ಆ ಮೊತ್ತ ಬರೆದ ಚೀಟಿಯನ್ನೂ ಹಳೆಯ ಗುತ್ತಿಗೆದಾರರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ "ನನಗೆ ಸಾಲದ ಆಸೆ ಇರಲಿಲ್ಲ, ನೀನು ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುವುದನ್ನು ನೋಡಲು ಆಗುತ್ತಿರಲಿಲ್ಲ" ಎಂದರು. ಇಷ್ಟು ದಿನ ಇದನ್ನು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಚ್ಚಲಿನ ಗೋಡೆಗೆ ಅಂಟಿಸಿದ ಹಾಳೆ ಗೋಡೆಯ ಕಡೆಗೇ ಒದ್ದೆಯಾಗಿತ್ತು. ಮೀಟರಿನ ಅಂಕಿ ಅಲುಗಲಿಲ್ಲ. ಕೊಳವೆಗೆ ಏನೂ ಆಗಿಲ್ಲ, ಟೈಲ್ಸಿನ ಸಂದುಗಳಲ್ಲಿ ನೀರು ಇಳಿಯುತ್ತಿರಬೇಕು ಎಂದರು ಮೇಸ್ತ್ರಿ. ಸಂದು ಕೆರೆದು ಮತ್ತೆ ತುಂಬಿಸಿ ನೋಡುವುದು ಮುಂದಿನ ತಿಂಗಳ ಕೆಲಸ. ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. "ಹೇಗೂ" ಎಂಬ ಮಾತು ಈ ವಾರ ಎರಡು ಸಲ ಬಂತು. ಎರಡನ್ನೂ ಎರಡನೇ ಹಾಳೆಯಲ್ಲಿ ಬರೆದಿಟ್ಟೆವು.

ಹಳೆಯ ಕಂತಿನ ಮೊತ್ತವನ್ನು ಐದು ಪಾಲು ಮಾಡಿದ್ದೇವೆ. ಎರಡು ತುರ್ತು ನಿಧಿಗೆ, ಅದು 6 ತಿಂಗಳು ಮುಟ್ಟುವವರೆಗೆ. ಎರಡು ಮನೆಗೆ. ಒಂದು ನಿವೃತ್ತಿಗೆ.

ಇವತ್ತು 5ನೇ ತಾರೀಕು. ಹಣ ಕಡಿತವಾದ ಸಂದೇಶ ಬೆಳಿಗ್ಗೆ 9ಕ್ಕೆ ಬಂತು. ನಿನ್ನೆ ರಾತ್ರಿಯೆಲ್ಲ ಮಳೆ ಸುರಿದಿತ್ತು. ಕುರ್ಚಿ ಹತ್ತಿ ನೋಡಿದೆ, ಕಲೆ ಪೆನ್ಸಿಲಿನ ಗೆರೆಯ ಒಳಗೇ ಇದೆ, ಅಂಚು ಒಣಗಿ ಬೆಳ್ಳಗಾಗಿದೆ. ಮೇಸ್ತ್ರಿಗೆ ಉಳಿದ ಹಣ ಕೊಡಲು ಸಂಜೆ ಹೋಗುತ್ತೇವೆ.